ಕಿಟಕಿ ಕಡೆಯಿಂದ ನೋಡಿದರೆ

ಇಸ್ತ್ರಿಪೆಟ್ಟಿಗೆ ಕೊಂಡು ಬಿಲ್ಲಿಗಾಗಿ ಕಾಯುತ್ತಿದ್ದ ಲಾಯರಿಗೆ ಪಕ್ಕದ ಸಾಲಿನಿಂದ ಗಂಡ ಹೆಂಡತಿಯ ಮಾತು ಕೇಳಿಸಿತು. ಗಂಡ ನಲವತ್ತಮೂರು ಇಂಚಿನ ಟಿವಿಯ ಎದುರು ಎದೆಯುಬ್ಬಿಸಿ ನಿಂತಿದ್ದ. ಹೆಂಡತಿ ಟಿವಿಯ ಒಂದು ಪಕ್ಕಕ್ಕೆ, ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

“ಈ ರೇಟಿಗೆ ಇಂಥ ಪಿಕ್ಚರ್ ಎಲ್ಲೂ ಸಿಗಲ್ಲ ಕಣೇ.”

“ಇಲ್ಲಿಂದ ಎಲ್ಲರ ಮುಖಕ್ಕೂ ಬೂದಿ ಬಳಿದಂಗೆ ಕಾಣ್ತಿದೆ.”

“ಅಲ್ಲಿ ನಿಂತ್ಕೊಂಡು ಯಾರೇ ಟಿವಿ ನೋಡ್ತಾರೆ?”

“ನನ್ನ ಹೊಲಿಗೆ ಮಿಷನ್ ಎಲ್ಲಿದೆ?”

“ಕಿಟಕಿ ಹತ್ರ.”

“ಟಿವಿ ಇಡೋ ಗೋಡೆಗೆ ಅದು ಎದುರಿಗೋ, ಪಕ್ಕಕ್ಕೋ?”

ಕೋರ್ಟಿನ ಪಾಟೀಸವಾಲಿನ ವಾಸನೆ ಬಡಿದು ಲಾಯರರ ಕಿವಿ ನೆಟ್ಟಗಾಯಿತು.

“ಪಕ್ಕಕ್ಕೆ. ಮಿಷನ್ನ ಎದುರಿಗೆ ಎಳೆದರಾಯ್ತು, ಬಿಡು.”

“ಬೆಳಕನ್ನೂ ಎಳ್ಕೊಂಡು ಬರ್ತೀರಾ? ನನಗೆ ಸೂಜಿ ಕಣ್ಣು ಕಾಣಬೇಡ್ವಾ?”

“ಅಂಗಡೀಲಿ ಮರ್ಯಾದೆ ತೆಗೀಬೇಡ. ಇಷ್ಟು ವರ್ಷ ಹಳೇ ಟಿವಿ ಅಲ್ಲಿಂದಲೇ ನೋಡ್ಲಿಲ್ವಾ?”

“ನೋಡಿದೆ. ಅದೂ ಹೀಗೇ ಇತ್ತು.”

ಗಂಡ ಅವಳಿದ್ದಲ್ಲಿಗೆ ಬಂದು, ಅವಳ ಭುಜದ ಮೇಲಿಂದ ಟಿವಿ ನೋಡಿದ. ದನಿ ಇಳಿಯಿತು.

“ಒಂದು ಮಾತು ಹೇಳಬಾರದಿತ್ತಾ?”

“ನೀವು ಒಂದು ದಿನ ಈ ಕಡೆ ಬಂದು ಕೂತಿದ್ರೆ, ನಾನು ಹೇಳೋದೇ ಬೇಕಿರಲಿಲ್ಲ.”

ಅವಳು ಮುಂದಿನ ಟಿವಿಯತ್ತ ನಡೆದಳು. ಗಂಡ ಹಿಂದೆಯೇ ಹೋದ. ಈ ಸಲ ಎದುರಿಗೆ ನಿಲ್ಲಲಿಲ್ಲ.