ಒಂಬತ್ತನೇ ಅಧ್ಯಾಯ ಇಲ್ಲದ ಪುಸ್ತಕ

...ಕಪ್ಪು ಅಂಚು ಬೇಡ ಅಂದ್ರೆ ಬೇಡ ಅತ್ತಿಗೆ, ತೆಗೆಸ್ತೀನಿ. ಫೋಟೋ ಮಾತ್ರ ಇದೇ ಇರಲಿ, ನಿರನ್ ಅಣ್ಣ ನಗ್ತಿರೋದು. ನನ್ನ ಮುಂದೆ ಒಂದು ದಿನಾನೂ ಹೀಗೆ ನಗಲಿಲ್ಲ ಆಸಾಮಿ. ಆಫೀಸಿಗೆ ಬಂದ್ರೆ ಅಚ್ಚಿನ ತಪ್ಪು ತೋರಿಸೋಕೇ ಬರ್ತಿದ್ದ... ತಮಾಷೆ ಬೇಡವಾ? ಸರಿ, ಸರಿ. ಭಿಕ್ಷುಗಳು ಇನ್ನೂ ಬಂದಿಲ್ಲ, ಬರೋದರೊಳಗೆ ಈ ಕೆಲಸ ಮುಗಿಸೋಣ ಅಂತ.

ನೋಡಿ, ನಾಡಿದ್ದು ಅಣ್ಣನ್ನ ಸುಡೋ ಹೊತ್ತಿಗೆ ಬಂದವರ ಕೈಗೆಲ್ಲ ಒಂದೊಂದು ಪುಸ್ತಕ ಹೋಗಬೇಕು. ಬೇರೆಯವರಾದ್ರೆ ಸತ್ತವರ ನೆನಪಿಗೆ ಅಂತ ಅಡುಗೆ ಪುಸ್ತಕ ಹಂಚ್ತಾರೆ, ಬುದ್ಧನ ಮಾತು ಹಂಚ್ತಾರೆ. ನಮ್ಮಣ್ಣ ಲೇಖಕ, ನಾನು ಅವನ ಪ್ರಕಾಶಕ. ಅವನ ಹೊಸ ಪುಸ್ತಕಾನೇ ಹಂಚಬೇಕು. ಅಂಗಡಿಗೆ ಹೋಗಬೇಕಾಗಿದ್ದದ್ದು ಚಿತೆ ಹತ್ರ ಬಂತು, ಏನು ಮಾಡೋದು...

ಎಂಥ ಪುಸ್ತಕ ಅದು! ಗಡಿ ಊರುಗಳಲ್ಲಿ ವರ್ಷಗಟ್ಟಲೆ ಅಲೆದ. ನಶೆ ಮಾತ್ರೆ ಸಾಗಿಸೋರು, ಜನರನ್ನ ಮಾರೋರು, ಫೋನಲ್ಲಿ ಟೋಪಿ ಹಾಕೋರು, ಇವರೆಲ್ಲ ತಮ್ಮ ಮುಂದಿನ ಯಜಮಾನನ್ನ ಹೇಗೆ ಆರಿಸ್ತಾರೆ, ಹೇಗೆ ತಿದ್ದಿ ತಯಾರು ಮಾಡ್ತಾರೆ, ಅದರಿಂದ ಕಂಪನಿಗಳು ಕಲಿಯೋದೇನು ಅಂತ. 'ಟೈ ಕಟ್ಟಿದವರೆಲ್ಲ ಇದಕ್ಕೆ ಪೆನ್ಸಿಲಲ್ಲಿ ಗೆರೆ ಎಳ್ಕೋತಾರೆ ನೋಡ್ತಿರು ಕಮೋನ್' ಅಂದಿದ್ದ ನನಗೆ. ಅದನ್ನೇ ಹಾಕ್ತೀನಿ. ಪೂರ್ತಿ ಹಾಕ್ತೀನಿ... ಒಂಬತ್ತನೇ ಅಧ್ಯಾಯ ಒಂದು ಬಿಟ್ಟು.

ಯಾಕೆ ಹಾಗೆ ನೋಡ್ತೀರಾ? ಪುಟ ಜಾಸ್ತಿ ಆಗತ್ತೆ, ಹೊಲಿಗೆ ನಿಲ್ಲಲ್ಲ... ಬಿಡಿ, ನಿಮ್ಮ ಹತ್ರ ಆ ಸುಳ್ಳು ನಡೆಯಲ್ಲ. ಹುಡುಗೀರನ್ನ ನದಿ ದಾಟಿಸಿ ದುಡ್ಡು ಮಾಡಿದವನ ಕಥೆ ಅದು. ಈಗ ಲಾರಿ ಕಂಪನಿ ಕಟ್ಕೊಂಡು ದೊಡ್ಡ ಮನುಷ್ಯ ಆಗಿ ಕೂತಿದ್ದಾನೆ. ಸಾವಿನ ಹೊತ್ತಲ್ಲಿ ಅದು ಬೇಡ. ಅಣ್ಣನ ಕಂಪ್ಯೂಟರ್ ಠಾಣೆಗೆ ಹೋಯ್ತು, ವಾಪಸ್ ಬರಲ್ಲ. ನನ್ನ ಹತ್ರ ಇದ್ದದ್ದು... ಎಲ್ಲೋ ಕೈತಪ್ಪಿತು. ಉಳಿದಿರೋದು ನೀವು ಟೈಪ್ ಮಾಡಿಟ್ಟ ಪ್ರತಿ ಒಂದೇ. ಅದನ್ನ ನನಗೆ ಕೊಟ್ಟುಬಿಡಿ ಅತ್ತಿಗೆ. ಮನೇಲಿ ಇಟ್ಕೋಬೇಡಿ. ನಿಮ್ಮ ಫಾ, ಪಾಪ, ಒಬ್ಬಳೇ ಬಸ್ಸಲ್ಲಿ ಕಾಲೇಜಿಗೆ ಹೋಗಿ ಬರೋಳು... ಇಲ್ಲ, ಇಲ್ಲ, ನಾನು ಹೆದರಿಸ್ತಿಲ್ಲ. ನಿಮ್ಮ ಮಗಳು ನನಗೂ ಮಗಳ ಹಾಗೇ ತಾನೇ.

ಯಾರ್ಯಾರು ಓದಿದ್ರು ಅಂದ್ರಾ? ನಮ್ಮ ಕರಡು ತಿದ್ದೋ ಅಜ್ಜಿ, ಆಮೇಲೆ ನಾನು. ಅಷ್ಟೇ ಜನ... ನೀವು ಕೇಳಲಿಲ್ವಾ? ಕೇಳಿದ ಹಾಗಾಯ್ತು. ಈ ಫ್ಯಾನ್ ಸದ್ದಲ್ಲಿ ಏನೂ ಕೇಳಿಸಲ್ಲ.

ಫ್ಯಾನ್ ಪೈತೂನ್ ಅಧ್ಯಕ್ಷರು ಕಳಿಸಿದ್ದು. ಹೂವಿನ ಚಕ್ರ ಆದ್ರೆ ಎರಡು ದಿನಕ್ಕೆ ಬಾಡತ್ತೆ, ಫ್ಯಾನ್ ಆದ್ರೆ ಆಮೇಲೆ ಈ ವಿಹಾರಕ್ಕೇ ಆಗತ್ತೆ ಅಂತ. ಇವತ್ತಿನ ಪಾರಾಯಣ, ಬಂದವರಿಗೆ ಗಂಜಿ, ಎಲ್ಲ ಅವರ ಲೆಕ್ಕದಲ್ಲೇ. ಬರ್ತಾರೆ ಅವರೂ. ಬಂದಾಗ ನೀವು ಎದ್ದು ಕೈ ಮುಗಿಯಬೇಕಾಗತ್ತೆ, ಸ್ವಲ್ಪ ಗಟ್ಟಿ ಮನಸ್ಸು ಮಾಡಿ... ತಮ್ಮ ಕಂಪನಿಯ ಹೊಸ ಮ್ಯಾನೇಜರುಗಳ ತರಬೇತಿಗೆ ಅಂತ ನನ್ನ ಹತ್ರ ಪುಸ್ತಕ ಸಗಟಲ್ಲಿ ತಗೊಳ್ಳೋರು. ಅದೇ ಪರಿಚಯ. ಬೇರೆ ಏನಿಲ್ಲ.

ನೋಡಿ, ಅಣ್ಣನದೂ ತಪ್ಪಿದೆ. ಒಂಬತ್ತನೇದರಲ್ಲಿ ಆ ಮನುಷ್ಯನ ಹೆಸರು ಬದಲಾಯಿಸಿದ, ಊರು ಬದಲಾಯಿಸಿದ, ಮೀನು ಒಂದನ್ನ ಹಾಗೇ ಬಿಟ್ಟ! ಹೊಸಬನನ್ನ ಊಟಕ್ಕೆ ಕೂರಿಸಿ, ಬೇಯಿಸಿದ ಇಡೀ ಮೀನು ಮುಂದಿಟ್ಟು, ನನಗೆ ಮುಳ್ಳು ತೆಗೆದುಕೊಡು ಅನ್ನೋದು. ಕೈ ನಡುಗತ್ತಾ, ಅವಸರ ಮಾಡ್ತಾನಾ, ಒಂದು ಮುಳ್ಳು ಉಳಿಸ್ತಾನಾ ಅಂತ ನೋಡೋದು. ಗೆದ್ದವನನ್ನ ಮೇಲಕ್ಕೆ ತರೋದು. ಇಂಥ ಚಾಳಿ ಊರಿಗೊಬ್ಬರಿಗೆ ಇರತ್ತಾ? ಓದಿದ ತಕ್ಷಣ ತಾನೇ ಅಂತ ಗೊತ್ತಾಗಲ್ವಾ ಅವರಿಗೆ? ಮುಳ್ಳೆಲ್ಲ ತೆಗೆದಾದ ಮೇಲೆ ಆ ಮೀನಿನ ಕೆನ್ನೆ ತುಂಡನ್ನ ತಮ್ಮ ಚಮಚದಲ್ಲೇ ಎತ್ತಿ ನಮ್ಮ ತಟ್ಟೆಗೆ ಹಾಕ್ತಾರೆ, 'ಇನ್ನು ನೀನು ನಮ್ಮವನು' ಅಂತಾರೆ. ಎಷ್ಟು ಮೆತ್ತಗೆ ಅಂತಾರೆ ಅಂದ್ರೆ...

ಏನು? ಕೆನ್ನೆ ತುಂಡು ಇದೆಯಲ್ಲ ಅದರಲ್ಲಿ. ಇಲ್ವಾ? ಇರಬೇಕು... ಒಂದೊಂದು ಸಾಲೂ ನೀವೇ ಟೈಪ್ ಮಾಡಿದ್ದು, ಗೊತ್ತು. ಹಾಗಾದ್ರೆ ಅಣ್ಣ ಬಾಯಲ್ಲಿ ಹೇಳಿದ್ದ ಅಂತ ಕಾಣತ್ತೆ. ಹೌದು, ಬಾಯಲ್ಲೇ...

ಅತ್ತಿಗೆ, ಅಣ್ಣನ ಫೋಟೋ ಯಾಕೆ ನನ್ನ ಕಡೆ ತಿರುಗಿಸ್ತೀರಾ?

ಸರಿ. ಕರಡು ಅವರಿಗೆ ನಾನೇ ಕಳಿಸಿದೆ, ಆಯ್ತಾ? ಮುನ್ನುಡಿಗೆ ಅಂತ ಕಳಿಸಿದೆ. ಮೊದಲ ಪುಟಗಳಲ್ಲಿ ದೊಡ್ಡವರ ನಾಲ್ಕು ಮೆಚ್ಚುಗೆ ಮಾತು ಇಲ್ಲದಿದ್ರೆ ನಮ್ಮ ಜನ ಪುಸ್ತಕ ಮುಟ್ಟಿ ನೋಡಲ್ಲ, ಮೂವತ್ತು ವರ್ಷದಿಂದ ಇದೇ ಮಾಡ್ಕೊಂಡು ಬಂದಿದ್ದೀನಿ. ಗಡಿ ವ್ಯಾಪಾರ ಬಲ್ಲವರು, ತರಬೇತಿ ನಡೆಸೋರು, ಸಗಟಲ್ಲಿ ಕೊಳ್ಳೋರು, ಪೈತೂನ್ ಅಧ್ಯಕ್ಷರಿಗಿಂತ ದೊಡ್ಡವರು ಬೇಕಾ ಅನ್ಕೊಂಡೆ. ಮೊದಲ ಮೂರು ಅಧ್ಯಾಯ ಓದಿದ್ದೆ, ಕೊನೇದು ಓದಿದ್ದೆ. ಯಾವ ಪ್ರಕಾಶಕ ಪೂರ್ತಿ ಓದ್ತಾನೆ ಹೇಳಿ.

ಊಟಕ್ಕೆ ಕರೆದ್ರು. ಮೀನು ಬಂತು. ಮುಳ್ಳು ತೆಗೆದುಕೊಡು ಅಂದ್ರು, ತೆಗೆದುಕೊಟ್ಟೆ. ವಯಸ್ಸಾದೋರು, ಕಣ್ಣು ಸರಿ ಕಾಣಲ್ವೇನೋ ಅನ್ಕೊಂಡೆ... ಲೇಖಕರು ಈಗಲೂ ಸ್ಕೂಟರಲ್ಲೇ ಓಡಾಡೋದಾ ಅಂದ್ರು. ಹೂಂ ಅಂದೆ. ಕಾಲುವೆ ಪಕ್ಕದ ದಾರೀಲಾ ಅಂದ್ರು. ಹೂಂ ಅಂದೆ. ಮಾತಿಗೆ ಮಾತು ಅತ್ತಿಗೆ, ಊಟದ ಮುಂದೆ ಆಡೋ ಮಾತು. ಆ ದಾರೀಲಿ ಅವರ ಲಾರಿ ಬರತ್ತೆ ಅಂತ ನಾನೇನು ಕನಸು ಕಂಡಿದ್ನಾ? ಒಂಬತ್ತನೇದು ನಾನು ಓದಿದ್ದು ಎಲ್ಲ ಆಗಿಹೋದ ಮೇಲೆ. ಅಣ್ಣ ಹೋದ ಮೇಲೆ. ಅದನ್ನ ನೀವು ನಂಬಬೇಕು.

ಈಗ ಏನು ಮಾಡೋಕಾಗತ್ತೆ? ಠಾಣೆಗೆ ಹೋಗ್ತೀರಾ? ಆ ಇನ್ನೊಂದು ಫ್ಯಾನ್ ಯಾರದು, ಅದಕ್ಕೆ ಕಟ್ಟಿರೋ ಹೆಸರಿನ ಪಟ್ಟಿ ಓದಿ... ಠಾಣೆಯವರದೇ. ಪಕ್ಕಪಕ್ಕದಲ್ಲೇ ತಿರುಗ್ತಿವೆ ಎರಡೂ. ಪೇಪರಿನವರು? ಅವರ ಜಾಹೀರಾತು ಇಲ್ಲದ ಪೇಪರ್ ಯಾವುದಿದೆ? ನಾನೂ ಎಲ್ಲ ಯೋಚಿಸಿ ಆಯ್ತು. ಯಾವ ಬಾಗಿಲೂ ಇಲ್ಲ ಅತ್ತಿಗೆ. ಇದ್ದಿದ್ರೆ ನಾನೇ ಹೋಗ್ತಿದ್ದೆ... ಹೋಗ್ತಿರಲಿಲ್ಲ ಬಿಡಿ. ಸಾಯಂಕಾಲ ಪ್ರತಿ ತಂದುಕೊಡು ಅಂದಿದ್ದಾರೆ, ನನಗೂ ಮನೆ ಮಕ್ಕಳು ಅಂತ ಇದೆ.

ಏನಿದು?

ಚೀಲದಲ್ಲೇ ಇಟ್ಕೊಂಡು ಬಂದಿದ್ರಾ? ಒಂಬತ್ತನೇದೇ... ಕೊಟ್ಟೇಬಿಟ್ರಾ? ಅಳ್ತೀರಿ, ಬೈತೀರಿ, ಕೊಡಲ್ಲ ಅಂತೀರಿ ಅನ್ಕೊಂಡೇ ಬಂದೆ. ಬೇಕಾದಷ್ಟು ಮಾತು ಜೋಡಿಸ್ಕೊಂಡು ಬಂದಿದ್ದೆ. ಹೀಗೆ ನೆಂಟರಿಗೆ ತಾಂಬೂಲ ಕೊಟ್ಟ ಹಾಗೆ ಎರಡು ಕೈಲಿ ಕೊಡಬೇಡಿ, ನನಗೆ ತಡೆಯಕ್ಕಾಗಲ್ಲ.

ಒಂದು ಮಾತು ಕೇಳಿ ಅತ್ತಿಗೆ. ಯಾವಾಗ ಓದಿದೆ ಅಂತ ಕೇಳಿ. ಇನ್ನೊಂದು ಸಲ ಕೇಳಿ, ಕಮೋನ್, ನಿಜವಾಗಲೂ ಆಮೇಲೇನಾ ಓದಿದ್ದು ಅಂತ. ಕೇಳಿದ್ರೆ ಮತ್ತೆ ಹಾಗೇ ಹೇಳಬಲ್ಲೆ ನಾನು, ಮುಖ ನೋಡ್ಕೊಂಡೇ ಹೇಳಬಲ್ಲೆ...

ಕೇಳಲ್ವಾ?

ಆ ಊಟ ಮುಗಿಸಿ ಮನೆಗೆ ಬಂದವನೇ ಓದಿದೆ. ಅವತ್ತು ಬುಧವಾರ. ಅಣ್ಣ ಶನಿವಾರದವರೆಗೆ ಇದ್ದ.