ಮುಂದಿನ ಸೀಟಿನ ಕೆಂಪು ಜಾಕೆಟ್ಟು

ಹೊರಬಾಗಿಲು ಹಾಕಿದ್ದೀರಿ ತಾನೆ? ಹಾಗಾದರೆ ಕೇಳಿ... ಇದು ಎಲ್ಲೋ ಯಾರಿಗೋ ಆದದ್ದಲ್ಲ. ಈ ಪರದೇಶದ ಊರು ಅಪ್ಪರ್ ಹಟ್‌ನಲ್ಲಿ ನಮ್ಮ ಹಿಂದಿನ ಬೀದಿಯ ಕೃಪಾಗೆ ಆದದ್ದು, ಹೋದ ಮೇ ತಿಂಗಳಲ್ಲಿ, ಇಲ್ಲಿ ಚಳಿಗಾಲ ಶುರುವಾಗುವ ಹೊತ್ತಿಗೆ.

ಕೃಪಾ ವಿಶ್ವಾಸನ ಎರಡನೇ ಹೆಂಡತಿ. ಮೊದಲಿನವಳು ಕಾತ್ಯಾಯಿನಿ, ಕಾಯಿಲೆ ಬಿದ್ದು ತೀರಿಕೊಂಡಳು. ಅವಳ ಫೋಟೋ ದೇವರ ಗೂಡಿನ ಪಕ್ಕದಲ್ಲೇ ಇದೆ, ನಗುತ್ತಾ. ಅವರ ಮನೆತನದಲ್ಲಿ ಒಂದು ಪದ್ಧತಿ. ಎರಡನೆಯವಳು ಹೊಸ ಬಟ್ಟೆ ತಂದರೆ ಮೊದಲಿನವಳ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೆ ತೊಡಬೇಕು. ಮೈಸೂರಿನಿಂದ ಅತ್ತೆ ಜಯಲಕ್ಷ್ಮಿ ಫೋನ್ ಮಾಡಿದಾಗಲೆಲ್ಲ ಇದನ್ನೇ ನೆನಪಿಸುತ್ತಿದ್ದರು. ಕೃಪಾಗೆ ಮೈಯೆಲ್ಲ ಉರಿಯುತ್ತಿತ್ತು. ಬದುಕಿರುವ ಸವತಿಯಾದರೆ ಜಗಳವಾದರೂ ಆಡಬಹುದು. ಫೋಟೋದಲ್ಲಿರುವವಳಿಗೆ ವಯಸ್ಸೂ ಆಗುವುದಿಲ್ಲ, ಅವಳು ತಪ್ಪೂ ಮಾಡುವುದಿಲ್ಲ. ಅವಳನ್ನು ಮರೆತಿರೋ ಇಲ್ಲವೋ ಎಂದು ಕೃಪಾ ಗಂಡನನ್ನು ದಿನಾ ಕೇಳುವಳು. ವಿಶ್ವಾಸ್ ಒಮ್ಮೆಯೂ ಉತ್ತರ ಕೊಟ್ಟವನಲ್ಲ, ಎದ್ದು ಹೋಗಿ ಕಾಫಿ ಬೆರೆಸಿಕೊಳ್ಳುತ್ತಿದ್ದ. ಅವಳಿಗೆ ಬೇಕಿದ್ದದ್ದು ಆ ಒಂದು ಉತ್ತರ, ಅಷ್ಟೇ.

ದಕ್ಷಿಣ ದ್ವೀಪದ ಬೆಟ್ಟಗಾಡು ಸುತ್ತಿ ಬರಲು ಹೊರಡುವ ಮುಂಚೆ ಹತ್ತಿರದ ಪೊರಿರುವಾ ಊರಿನ ಅಂಗಡಿಯಲ್ಲಿ ಕೃಪಾ ಒಂದು ಕೆಂಪು ಜಾಕೆಟ್ಟು ಕೊಂಡಳು. ಚಳಿಗೆ ಹಾಕುವಂಥ ಉಬ್ಬು ಜಾಕೆಟ್ಟು. ಇದನ್ನೂ ಆ ಮಹಾತಾಯಿಗೆ ತೋರಿಸಬೇಕಾ ಎಂದುಕೊಂಡು, ಮನೆಗೆ ಬಂದು ಫೋಟೋದ ಎದುರಿಗೇ ನಿಂತು ಬೆಲೆಚೀಟಿ ಕಿತ್ತು ತೊಟ್ಟುಕೊಂಡಳು. ಬೇಕೆಂದೇ.

ಕಾರಿನ ಸಮೇತ ಫೆರ್ರಿ ಹಡಗಿನಲ್ಲಿ ಸಮುದ್ರ ದಾಟಿ, ಇಳಿದು ಒಳನಾಡಿಗೆ ಹೋದರು. ಜಲ್ಲಿ ರಸ್ತೆ, ಬೋಳು ಬೆಟ್ಟ. ಎಷ್ಟು ದೂರ ಹೋದರೂ ಒಂದು ಮನೆಯಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ಕುರಿ ಸಾಕುವವರ ಜಮೀನಿನ ನಡುವೆಯೇ ದಾರಿ, ಅಲ್ಲಲ್ಲಿ ಕಬ್ಬಿಣದ ಗೇಟು. ಪಕ್ಕದ ಸೀಟಿನವರು ಇಳಿದು ಗೇಟು ತೆಗೆಯಬೇಕು. ಕಾರು ದಾಟಿದ ಮೇಲೆ ಮುಚ್ಚಿ, ಸರಪಳಿ ಸಿಕ್ಕಿಸಿ, ಬಂದು ಹತ್ತಬೇಕು. ಅಲ್ಲಿಯ ಕ್ರಮ ಅದು. ಸಂಜೆಗೇ ಕತ್ತಲು ಕವಿಯಿತು. ಹೀಟರಿನ ಸೆಕೆಗೆ ಕೃಪಾ ಜಾಕೆಟ್ಟು ಬಿಚ್ಚಿ ಹಿಂದಿನ ಸೀಟಿಗೆ ಎಸೆದಿದ್ದಳು. ಮತ್ತೊಂದು ಗೇಟು ಬಂತು. ಸ್ವೆಟರಿನಲ್ಲೇ ಇಳಿದಳು.

ಕಾರು ದಾಟಿ ನಿಂತಿತು. ಗೇಟು ಕಿರ್ರನೆ ಮುಚ್ಚಿತು. ಸರಪಳಿ ಝಣ್ ಎಂದಿತು. ಬೆರಳು ಮರಗಟ್ಟಿ, ಕೊಂಡಿ ಸಿಕ್ಕುತ್ತಿರಲಿಲ್ಲ... ಅಷ್ಟರಲ್ಲಿ ಹಿಂದೆ, ಧಪ್. ಕಾರಿನ ಬಾಗಿಲು.

ತಿರುಗಿದಳು. ಕಾರಿನೊಳಗಿನ ದೀಪ ಇನ್ನೂ ಆರಿರಲಿಲ್ಲ. ಅವಳ ಸೀಟಿನಲ್ಲಿ ಅವಳ ಕೆಂಪು ಜಾಕೆಟ್ಟು ತೊಟ್ಟು ಯಾರೋ ಕೂತಿದ್ದರು. ತಲೆ ಬಗ್ಗಿಸಿ ಬೆಲ್ಟು ಎಳೆದುಕೊಳ್ಳುತ್ತಿದ್ದರು. ದೀಪ ಆರಿತು... ಚಕ್ರದಡಿ ಜಲ್ಲಿ ಕರಕರ ಎಂದಿತು. ಕಾರು ಹೊರಟೇ ಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಹೆದರಿ ಅಲ್ಲೇ ಕುಸಿಯುತ್ತಿದ್ದರು. ಕೃಪಾಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನ್ನ ಸೀಟು, ನನ್ನ ಜಾಕೆಟ್ಟು, ನನ್ನ ಗಂಡ. ಕೂಗುತ್ತಾ ಹಿಂದೆಯೇ ಓಡಿದಳು. ಕಾರಿನ ಹಿಂದಿನ ದೀಪಗಳು ತಿರುವಿನಲ್ಲಿ ಮರೆಯಾದವು. ಹೆದರಿಕೆ ಬಂದದ್ದು ಆಮೇಲೆ. ಕತ್ತಲಲ್ಲಿ ಕುರಿ ಕೆಮ್ಮಿದರೆ ಥೇಟ್ ಮನುಷ್ಯರು ಕೆಮ್ಮಿದ ಹಾಗೇ ಕೇಳಿಸುತ್ತದೆ, ಗೊತ್ತೇ... ಅಳುತ್ತಾ, ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಡೆದಳು.

ಎಷ್ಟೋ ಹೊತ್ತಿನ ಮೇಲೆ ಕಾರು ವಾಪಸು ಬಂತು. ವಿಶ್ವಾಸ್ ಇಳಿದವನೇ ಅವಳ ಕೆನ್ನೆ ಮುಟ್ಟಿ ನೋಡಿದ. ಮುಂದಿನ ಗೇಟಿನ ಹತ್ತಿರ ನಿಲ್ಲಿಸಿ, ಇಳಿಯಲಿ ಅಂತ ಕಾದನಂತೆ. ಯಾರೂ ಇಳಿಯಲಿಲ್ಲವಂತೆ. ತಿರುಗಿ ನೋಡಿದರೆ ಸೀಟಿನಲ್ಲಿ ಬರೀ ಜಾಕೆಟ್ಟು.

"ದಾರೀಲಿ ಮಾತಾಡಿದ್ಲಾ?" ಕೃಪಾ ಪಿಸುಗುಟ್ಟಿದಳು.

"ಒಂದೇ ಮಾತು. ಅವಳನ್ನ ಮರೆತ್ರಾ ಅಂತ, ಮೆಲ್ಲಗೆ... ದಿನಾ ನೀನು ಕೇಳೋದೇ ಅಲ್ವಾ. ನೀನೇ ಅಂದ್ಕೊಂಡೆ."

"ನೀವೇನಂದ್ರಿ?"

ವಿಶ್ವಾಸ್ ನೆಲ ನೋಡಿದ. "ಹೂಂ, ಮರೆತೆ ಅಂದೆ. ನಿನಗೆ ಸಮಾಧಾನ ಆಗ್ಲಿ ಅಂತ."

ಮದುವೆಯಾದಾಗಿನಿಂದ ಕಾದಿದ್ದ ಉತ್ತರ. ಕೃಪಾಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅದು ಕಾತ್ಯಾಯಿನಿಯ ಕಿವಿಗೆ ಬೀಳಬಾರದಿತ್ತು ಅನ್ನಿಸಿ ಸಂಕಟವಾಯಿತು. ಕಾರಿನ ಬಾಗಿಲು ತೆಗೆದಳು. ಜಾಕೆಟ್ಟಿನ ಜಿಪ್ಪು ಕತ್ತಿನವರೆಗೂ ಎಳೆದಿತ್ತು. ಅದರ ಮೇಲೆ ಬೆಲ್ಟು ಸಿಕ್ಕಿಸಿದ್ದು ಹಾಗೆಯೇ ಇತ್ತು.

ಆ ಜಾಕೆಟ್ಟು ಈಗ ಕಾತ್ಯಾಯಿನಿಯ ಫೋಟೋದ ಕೆಳಗಿದೆ, ಕುಂಕುಮ ಹಚ್ಚಿ ಇಟ್ಟಿದ್ದಾರೆ. ಕೃಪಾ ಅದನ್ನು ಮತ್ತೆ ತೊಟ್ಟಿಲ್ಲ, ಗಂಡನನ್ನು ಆ ಪ್ರಶ್ನೆಯನ್ನೂ ಕೇಳಿಲ್ಲ. ನಂಬದಿದ್ದರೆ ನಾಳೆಯೇ ಹೋಗಿ ಅವಳನ್ನೇ ವಿಚಾರಿಸಿ. ನಡೆದದ್ದನ್ನು ನಡೆದ ಹಾಗೆಯೇ ಹೇಳಿದ್ದೇನೆ. ಆ ದಿನ ಮಳೆಯಿರಲಿಲ್ಲ, ಮಂಜೂ ಇರಲಿಲ್ಲ. ಆದರೂ ಕೃಪಾ ಬೆಲ್ಟು ಬಿಚ್ಚಿ ಜಾಕೆಟ್ಟು ಎತ್ತಿಕೊಂಡಾಗ ಅದರ ಬಲತೋಳಿನ ತುದಿ, ಅವಳ ಸ್ವೆಟರಿನ ತೋಳಿನ ಹಾಗೆಯೇ, ಒದ್ದೆಯಾಗಿತ್ತು.