ವಾಯರಿಲ್ಲದ ಫೋನು

ಅದನ್ನ ಹಂಗ ತಿರುವಿ ತಿರುವಿ ನೋಡಬ್ಯಾಡ ಅಪ್ಪಾ, ಅದಕ್ಕ ವಾಯರ್ ಇಲ್ಲ. ಇಲ್ಲ ಅಂದ್ರ ಇಲ್ಲ. ವಾಯರ್ ಇರೋದು ಆ ಕಿಟಕ್ಯಾಗ ಕುಂತ ಡಬ್ಬಿಗೆ. ಅಲ್ಲಿಂದ ನಿನ್ನ ಕೈಯಾಗಿನ ಇದಕ್ಕ ಗಾಳ್ಯಾಗೇ ದನಿ ಬರ್ತದ. ಹಿರೋಳ್ಳಿಯಿಂದ ಆಳಂದಕ್ಕ ಬಂದಿ, ನೀರೂ ಕುಡೀಲಿಲ್ಲ, ಮೊದಲ ಇದನ್ನೇ ಕೇಳ್ದಿ. ಯಾರು ಹೇಳಿದ್ರು ನಿನಗ? ...ಹೋಗ್ಲಿ.

ನಾನೇ ಜೋಡಿಸೇನಿ. ಯಾಕ ನಗ್ತಿ? ನಿನ್ನ ಅಳಿಯ ಗುರಣ್ಣಗ ಬಲ್ಬ್ ಹಾಕಾಕ ಬರಂಗಿಲ್ಲ. ನಾಲ್ಕು ವರ್ಷ ಕಾದ ಮ್ಯಾಲ ಈ ಮನಿಗೆ ಫೋನ್ ಬಂತು, ಆರು ತಿಂಗಳಿಗೆ ಈ ಕಾರ್ಡ್‌ಲೆಸ್ ತಂದೆ. ಹೊಲಿಗಿ ಮಿಷಿನ್ ತುಳಿದ ನನ್ನ ದುಡಿಮಿದು. ಮೊದಲನೇ ದಿನ ಹನ್ನೆರಡು ತಾಸು ಚಾರ್ಜಿಗೆ ಇಟ್ಟೆ. ಡಬ್ಬಿ ಅಡಗಿ ಮನ್ಯಾಗ ಇಟ್ರ, ಮ್ಯಾಲ ತಗಡು, ಬರೇ ಗರ್ ಅಂತಿತ್ತು. ಜಗಲಿ ಮ್ಯಾಲಿಟ್ಟೆ, ಗ್ವಾಡಿ ದಪ್ಪ, ಆಚಿ ಖೋಲಿಗೇ ಮುಟ್ಟಲಿಲ್ಲ. ಟೋನ್ ಎಲ್ಲಿ ತನಕ ಬರ್ತದ ನೋಡಂತ ಎದುರಮನಿ ಹಮೀದಾಬೇಗಂ ಕೈಯಾಗ ಕೊಟ್ಟು ಅಂಗಳ, ಹಿತ್ತಲ ಎಲ್ಲಾ ತಿರುಗಿಸಿದೆ. ಕಡಿಗೆ ಆ ಕಿಟಕಿ ಹೊಂದಿತು. ಮಾಳಿಗಿ ಮ್ಯಾಲ ನಿಂತ್ರ, ಮಗ್ಗಲದಾಗ ಕುಂತು ಮಾತಾಡಿದಂಗ ಕೇಳ್ತದ.

ಮಾಳಿಗಿ ಯಾಕ? ಹೇಳಿದ್ನಲ್ಲ, ಅಲ್ಲಿ ಛಲೋ ಕೇಳ್ತದ. ಸೋಲಾಪುರದ ಅರಿವಿ ಅಂಗಡಿಯವ ಫೋನ್ ಮಾಡ್ತಾನ, ಜಂಪರ್ ಪೀಸ್ ಎಷ್ಟು ಬೇಕು, ಲೈನಿಂಗ್ ಎಷ್ಟು ಬೇಕು ಅಂತ. ದಿನಾ ಮಾಡ್ತಾನ. ...ಹೌದು, ಐತಾರನೂ ಮಾಡ್ತಾನ. ಹೆಣ್ಮಗಳು ಮಾಳಿಗಿ ಮ್ಯಾಲ ನಿಂತು ತಾಸುಗಟ್ಲೆ ನಗ್ತಾಳ ಅಂತ ಓಣಿಯವರು ಅಂದ್ರ ಅನ್ಲಿ. ಅವರ ಬಾಯಿಗೆ ಅಂಜಿ ನಾ ಒಳಗ ಕುಂತು ಗರ್ ಅನ್ನೋದು ಕೇಳಲೇನು?

ಮಾತಾಡು ಅಪ್ಪಾ. ಬೈ ಬೇಕಾದ್ರ. ಅಂಗಡಿಯವ ಅಂತ ಹೇಳಿದ್ನಲ್ಲ... ಹಂಗ ನೋಡಬ್ಯಾಡ. ಓಣಿಯವರ ಮಾತು ಕೇಳಿ ಬಂದಿದ್ರ ಬಂದ ಕೂಡ್ಲೇ ಬೈತಿದ್ದಿ. ನೀ ಬೈಯಾಕ ಬಂದಿಲ್ಲ.

ನಿನಗ ಗೊತ್ತದ. ಹೌದಿಲ್ಲೋ?

ಆಯ್ತು. ಅಂಗಡಿಯವ ಅಲ್ಲ. ಸಾಬಮ್ಮ. ನನ್ನ ತಂಗಿ, ನಿನ್ನ ಮಗಳು. ಆರು ವರ್ಷದ ಹಿಂದ ಅಫಜಲಪುರದ ಗಂಡನ ಮನಿಯಿಂದ ಒಡದ ಹಣಿ ಹೊತಗೊಂಡು ನಿನ್ನ ಬಾಗಿಲಿಗೆ ಬಂದಾಗ, ‘ಹೊಳ್ಳಿ ಅಲ್ಲಿಗೇ ಹೋಗು’ ಅಂದಿ. ಆಕಿ ಹೋಗಲಿಲ್ಲ, ಸೋಲಾಪುರದ ಬಸ್ ಹತ್ತಿದ್ಲು. ಆಕಿ ಹೆಸರು ಯಾರೂ ಎತ್ತಬಾರದು ಅಂತ ಎಲ್ಲಾರ ಕಡಿಂದ ಆಣಿ ಮಾಡಿಸಿದಿ. ನಾನೂ ಮಾಡ್ದೆ. ಮುರದೇನಿ. ದವಾಖಾನ್ಯಾಗ ಕೆಲಸ ಮಾಡ್ತಾಳ, ಡ್ಯೂಟಿ ಮುಗಿದ ಕೂಡ್ಲೇ ನನಗ ಫೋನ್ ಮಾಡ್ತಾಳ. ದಿನಾ ಮೊದಲ ಏನು ಕೇಳ್ತಾಳ ಗೊತ್ತದೇನು? ‘ಅಪ್ಪ ನಿನ್ನ ಮನಿಗೆ ಬಂದಿದ್ನೇನು, ಹೆಂಗದಾನ?’ ಇನ್ನ ಹತ್ತು ಆಣಿ ಮಾಡಿಸು, ಹತ್ತೂ ಮುರೀತೇನಿ.

ಯಾಕ ಎದ್ದಿ? ಇನ್ನೇನು ನಾಲ್ಕಕ್ಕ ಆಕಿ ಫೋನ್ ಬರ್ತದ, ಅಷ್ಟರಾಗ ಹೊಂಟು ಹೋಗಬೇಕು, ಅಷ್ಟೇ ಹೌದಿಲ್ಲೋ? ಹೋಗು. ನಾ ಕೈ ಹಿಡಿದು ಕುಂದ್ರಸಂಗಿಲ್ಲ. ಫೋನಾರ ಇಟ್ಟು ಹೋಗು.

ಅಪ್ಪಾ... ಬಾಗಿಲಾ ಈ ಕಡಿ ಅದ. ಅವು ಮಾಳಿಗಿ ಮೆಟ್ಟಲು.